ಎಡೆದೊರೆ ನಾಡಿನಲ್ಲೊಂದು ಹೊಸ ಫಟಫಟಿ

ರಾಯಚೂರು ಕೋಟೆಯ ಒಳಸುತ್ತಿನ ಪಡುವಣ ಗೋಡೆಯಲ್ಲಿ ಒಂದು ಮಹಾಶಿಲೆಯಿದೆ. ಅದರ ಉದ್ದ 41 ಅಡಿಗೂ ಮಿಗಿಲು. ಗೋರೆ ಗಂಗಯ್ಯ ರೆಡ್ಡಿಯ ಆಜ್ಞೆಯಂತೆ ವಿಠ್ಠಲನಾಥನು ಕೋಟೆಯನ್ನು ಕಟ್ಟಿಸಿದನೆಂಬ 1294ರ ಶಾಸನವನ್ನು ಅದರ ಮೈಮೇಲೆ ಕೊರೆದಿದ್ದಾರೆ. ಶಾಸನವನ್ನು ಓದಬಲ್ಲವರು ವಿರಳ. ಆದರೆ ಅದರ ಸಮೀಪದಲ್ಲಿಯೇ ಕೊರೆದಿರುವ ರೇಖಾಚಿತ್ರವನ್ನು ಮಕ್ಕಳೂ ಓದಬಲ್ಲರು. ಗಟ್ಟಿ ಗಾಲಿಗಳ ಒಂದು ಬಂಡಿ. ಅದರ ಮೇಲೆ ಈ ಬಂಡೆಯೇ ಮಲಗಿದೆ. ಮುಂದೆ ಉದ್ದನೆಯ ಸಾಲಿನಲ್ಲಿ ಕೋಣಗಳು. ಅಕ್ಕಪಕ್ಕದಲ್ಲಿ ಕೂಗಿ ಹುರಿದುಂಬಿಸುವ ಜನ, ಗಾಲಿಗೆ ಸನ್ನೆಗೋಲು ಕೊಟ್ಟು ಎತ್ತುವ ಜನ. ನಿತ್ಯದ ಹೊರೆಗೆಂದು ಮಾಡಿದ ಬಂಡಿಯನ್ನು ಇಂಥ ಅಸಾಧಾರಣ ಹೊರೆಗೆ ಒಗ್ಗಿಸಿಕೊಳ್ಳಲು ಅಂದಿನ ಬಡಗಿಗಳು ಅಚ್ಚಿಗೆ ಏನೇನು ಆಸರೆ ಕಟ್ಟಿದರೋ, ಯಾವ ಕೀಲನ್ನು ಬದಲಿಸಿದರೋ! ಬಂಡಿ ಮಾಡಿದವನು ಬಂದು, “ನೀವು ಕೈ ಹಾಕಿದಿರಿ, ಇನ್ನು ನನ್ನ ಹೊಣೆಯಿಲ್ಲ” ಎಂದು ತಕರಾರು ತೆಗೆದ ಸುದ್ದಿಯಂತೂ ಯಾವ ಶಾಸನದಲ್ಲಿಯೂ ಇಲ್ಲ.

ಆ ಕೋಟೆಯಿಂದ ಕೂಗಳತೆಯಲ್ಲಿರುವ ತೀನ್ ಕಂದೀಲಿನ ಸಂದಣಿಯನ್ನು ದಾಟಿಕೊಂಡು, ಈಚೆಗೆ ಒಂದು ಮಧ್ಯಾಹ್ನ, ದೇವದುರ್ಗದ ತರುಣ ಉಪಾಧ್ಯಾಯನೊಬ್ಬನು ತನ್ನ ಹೊಸ ಮೋಟಾರು ಸೈಕಲನ್ನು ಬಹು ಜಾಗರೂಕತೆಯಿಂದ ನಡೆಸಿಕೊಂಡು ಹೊರಟಿದ್ದನು. ಈ ಸೀಮೆಯ ಹಿರಿಯರ ಬಾಯಲ್ಲಿ ಅದು ಇಂದಿಗೂ ‘ಫಟಫಟಿ’ಯೇ. ಗಾಲಿಗಳ ಕೆಳಗೆ ನಿಂಬೆಹಣ್ಣು ಅರೆದುಹೋಗಿತ್ತು. ದೀಪದ ಕೆಳಗೆ ನಿಂಬೆ, ಮೆಣಸಿನಕಾಯಿಗಳ ಸರ ತೂಗುತ್ತಿತ್ತು. ಹೊಸ ವಾಹನಕ್ಕೆ ಒಡೆಯನು ಮಾಡುವ ಮೊಟ್ಟಮೊದಲ ಮಾರ್ಪಾಡು ಇದೇ; ಇದಕ್ಕೆ ಇದುವರೆಗೆ ಯಾವ ಕಂಪನಿಯೂ ಆಕ್ಷೇಪವೆತ್ತಿದಂತೆ ಕಾಣದು.

ವಾಹನವು ಅವನಿಗೆ ಶೋಕಿಯ ವಸ್ತುವಾಗಿರಲಿಲ್ಲ. ಮನೆ ದೇವದುರ್ಗದಲ್ಲಿ, ಶಾಲೆ ಸಿರವಾರವನ್ನು ದಾಟಿ ಮಾನ್ವಿಯ ಕಡೆಯ ಹಳ್ಳಿಯಲ್ಲಿ, ತಿಂಗಳಿಗೊಮ್ಮೆ ತಾಯಿಯನ್ನು ತೋರಿಸಬೇಕಾದ ಆಸ್ಪತ್ರೆ ರಾಯಚೂರಿನಲ್ಲಿ. ಹೀಗೆ ಅವನ ಬದುಕು ಒಂದು ತ್ರಿಕೋನ. ಬೆಳಿಗ್ಗೆ ಬಸ್ಸೇರಿ ಹೊರಟ ತಾಯಿ ಸರದಿಯಲ್ಲಿ ಕುಳಿತು, ವೈದ್ಯರನ್ನು ಕಂಡು, ಔಷಧ ಕೊಂಡು ಹಿಂದಿರುಗುವಾಗ ಇಳಿಹೊತ್ತಾಗುತ್ತಿತ್ತು. ಕೆಲವೊಮ್ಮೆ ರಾತ್ರಿಯೂ ಆಗುತ್ತಿತ್ತು. ಆಕೆಗೆ ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟವಾದ ಮೇಲೆ ಮಗನು ಸಾಲ ಮಾಡಿ ವಾಹನ ಕೊಂಡನು. ಮೂರು ವರ್ಷದ ಕಂತು.

ಮಾರಾಟದ ಮಳಿಗೆಯಲ್ಲಿ ಕೀಲಿಕೈಯೊಂದಿಗೆ ಅವನ ಕೈಗೆ ಒಂದು ಕಿರುಹೊತ್ತಗೆಯನ್ನೂ ಕೊಟ್ಟಿದ್ದರು. ನೂರರಲ್ಲಿ ತೊಂಬತ್ತು ಜನ ಅದನ್ನು ಸೀಟಿನ ಕೆಳಗೆ ತುರುಕಿ ಮರೆತುಬಿಡುತ್ತಾರೆ. ಮೇಷ್ಟರಾದ್ದರಿಂದ ಇವನು ಓದಿದನು. ಆದರೆ ಅವನೂ ಹೆದರಿಸುವ ಪುಟಗಳನ್ನು ಮಾತ್ರ ಓದಿದನು. ಉಚಿತ ಸರ್ವೀಸು ತಪ್ಪಿಸಿದರೆ ವಾರಂಟಿ ಇಲ್ಲ. ಕಂಪನಿಯದಲ್ಲದ ಬಿಡಿಭಾಗ ಹಾಕಿದರೆ ವಾರಂಟಿ ಇಲ್ಲ. ತಂತಿಗಳನ್ನು ಕತ್ತರಿಸಿದರೆ, ಚೌಕಟ್ಟಿಗೆ ಬೆಸುಗೆ ಹಾಕಿಸಿದರೆ, ಎಂಜಿನನ್ನು ಅನ್ಯರಿಂದ ಬಿಚ್ಚಿಸಿದರೆ ವಾರಂಟಿ ಇಲ್ಲ. ಹೆಚ್ಚಿನ ಹಣ ತೆತ್ತರೆ ವಾರಂಟಿಯ ಅವಧಿಯನ್ನು ಬೆಳೆಸಿಕೊಡುವುದಾಗಿ ಮಾರಾಟಗಾರನು ಹೇಳಿದ್ದನು. ಜೇಬಿನ ಸ್ಥಿತಿಯನ್ನು ನೆನೆದು ಮೇಷ್ಟರು ಅದನ್ನು ಬೇಡವೆಂದಿದ್ದರು.

ರಾಯಚೂರಿನಿಂದ ದೇವದುರ್ಗಕ್ಕೆ 50 ಕಿಲೋಮೀಟರಿಗೂ ಮಿಕ್ಕಿದ ದಾರಿ. ಕಲ್ಮಲಾ ದಾಟಿದ ಮೇಲೆ ಗಬ್ಬೂರು ಬರುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳೂ ಶಾಸನಗಳೂ ಊರಿನ ಮನೆಗಳ ನಡುವೆಯೇ, ಎಮ್ಮೆ ಕಟ್ಟುವ ಗೂಟಗಳ ಪಕ್ಕದಲ್ಲಿಯೇ ನಿಂತಿರುವ ಆ ಊರನ್ನು ನೋಡಲು ಒಂದು ದಿನವೂ ಸಾಲದು. ಆದರೆ ತಾಯಿಯನ್ನು ಹಿಂದೆ ಕೂರಿಸಿಕೊಂಡು ಮುಸ್ಸಂಜೆಯಲ್ಲಿ ಮರಳುವವನಿಗೆ ಶಾಸನಗಳ ಗೊಡವೆ ಹೇಗೆ ಬಂದೀತು? ಸುಗ್ಗಿಯ ಕಾಲ. ರಸ್ತೆಯ ಅರ್ಧಭಾಗದ ಮೇಲೆ ರೈತರು ತೊಗರಿಯನ್ನೋ ಜೋಳವನ್ನೋ ಹರವಿದ್ದರು. ಹೋಗಿ ಬರುವ ಗಾಲಿಗಳೇ ಅವರ ಒಕ್ಕಲು ಗುಂಡು. ಹತ್ತಿಯನ್ನು ಬೆಟ್ಟದಂತೆ ಹೇರಿದ ಟ್ರಾಕ್ಟರುಗಳಿಗೆ ಹಿಂದೀಪವಿಲ್ಲ. ಹೊಸ ವಾಹನದ ದೀಪವು ಉರಿಯುತ್ತಲೇ ಇತ್ತು. 2017ರ ಏಪ್ರಿಲಿನಿಂದ ಈಚೆಗೆ ತಯಾರಾದ ದ್ವಿಚಕ್ರಗಳಲ್ಲಿ ಎಂಜಿನು ನಡೆಯುವಷ್ಟು ಹೊತ್ತೂ ದೀಪ ಆರದು. ಆದರೂ ಆ ಬೆಳಕು ನೆಲದ ಮೇಲೆ ಬೀಳದೆ ಎದುರಿನ ಜಾಲಿಗಿಡಗಳ ನೆತ್ತಿಯನ್ನು ಬೆಳಗುತ್ತಿತ್ತು. ಹಾಗೆ ಬರುತ್ತಿರುವಾಗ ರಸ್ತೆಯ ನಡುವೆ ಮಲಗಿದ್ದ ಎಮ್ಮೆಯೊಂದು ಐದಾರು ಮಾರು ದೂರಕ್ಕೆ ಬರುವವರೆಗೂ ಕಾಣಲಿಲ್ಲ. ವಾಹನವೇನೋ ನಿಂತಿತು. ತಾಯಿ ಮಗನ ಹೆಗಲನ್ನು ಹಿಡಿದ ಕೈಯನ್ನು ಮನೆ ಮುಟ್ಟುವವರೆಗೂ ಸಡಿಲಿಸಲಿಲ್ಲ. ಒಂದು ಮಾತನ್ನೂ ಆಡಲಿಲ್ಲ. ಮರುದಿನ, “ಬರೋ ತಿಂಗಳ ಬಸ್ಸಿಗೇ ಹೋಗೋಣಪ್ಪ” ಎಂದಳು.

ಆ ಮಾತು ಮೇಷ್ಟರಿಗೆ ಚುಚ್ಚಿತು. ಮುಂದಿನ ಭಾನುವಾರವೇ ರಾಯಚೂರಿನ ಬೀದಿಬದಿಯ ಅಂಗಡಿಯೊಂದರ ಮುಂದೆ ಅವರ ವಾಹನ ನಿಂತಿತ್ತು. ಎರಡು ಬಿಳಿಯ ಪ್ರಖರ ದೀಪ, ಒಂದು ಸ್ವಿಚ್ಚು, ಅರ್ಧ ಗಂಟೆಯ ಕೆಲಸ. ಹುಡುಗನು ಕತ್ತರಿಯನ್ನು ಕೈಗೆ ತೆಗೆದುಕೊಂಡು ತಂತಿಗಳ ಗೊಂಚಲನ್ನು ಎಳೆದಾಗ ಮೇಷ್ಟರಿಗೆ ತಮ್ಮ ಚಿಕ್ಕಪ್ಪನ ಮಗನ ನೆನಪಾಯಿತು. ಅವನದೂ ಹೊಸ ವಾಹನವೇ. ಅವನೂ ಹೀಗೆಯೇ ದೀಪ ಹಾಕಿಸಿದ್ದ. ಮಳೆಗಾಲದಲ್ಲಿ ಒಂದು ದಿನ ಹೊಗೆ ಬಂದು ತಂತಿಗಳೆಲ್ಲ ಕರಗಿ ಒಂದೇ ಮುದ್ದೆಯಾದವು. ಅದರೊಂದಿಗೆ ಎಂಜಿನಿನ ಮಿದುಳಿನಂತಿರುವ ಪೆಟ್ಟಿಗೆಯೂ ಸತ್ತಿತು. ಕತ್ತರಿಸಿದ ತಂತಿಯ ಚಿತ್ರ ತೆಗೆದುಕೊಂಡ ಕಂಪನಿಯವರು ಕೈಚೆಲ್ಲಿದರು. ವಾಹನವು ಮನೆಯ ಹಿತ್ತಲಲ್ಲಿ ನಿಂತಿತ್ತು. ಕಂತು ಮಾತ್ರ ತಿಂಗಳು ತಿಂಗಳು ನಡೆದೇ ಇತ್ತು. ಮೇಷ್ಟರು ಹುಡುಗನ ಕೈಯನ್ನು ತಡೆದು, ಏನೋ ನೆಪ ಹೇಳಿ, ಹೊರಟುಬಂದರು.

ತಂತಿ ಏಕೆ ಕರಗುತ್ತದೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ 35 ವ್ಯಾಟಿನ ದೀಪವು ಎಳೆದುಕೊಳ್ಳುವುದು ಸುಮಾರು ಮೂರು ಆಂಪಿಯರು. ತಂತಿಯ ದಪ್ಪವನ್ನು ಅಷ್ಟಕ್ಕೆ ತಕ್ಕಂತೆ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಅದೇ ತಂತಿಗೆ ಇನ್ನೊಂದು ಅಷ್ಟೇ ಹೊರೆಯನ್ನು ಕಟ್ಟಿದರೆ ಪ್ರವಾಹ ಇಮ್ಮಡಿಯಾಗುತ್ತದೆ. ಆದರೆ ಕಾವು ಇಮ್ಮಡಿಯಲ್ಲ, ನಾಲ್ಮಡಿ. ಅದರ ಮೇಲೆ, ಬೇಸಿಗೆಯಲ್ಲಿ 40 ಡಿಗ್ರಿಯನ್ನು ಮೀರುವ ರಾಯಚೂರಿನ ಬಿಸಿಲು! ಬ್ಯಾಟರಿಯಿಂದ ನೇರವಾಗಿ ಬೇರೆ ದಪ್ಪ ತಂತಿಯನ್ನು ತಂದು, ನಡುವೆ ಫ್ಯೂಸನ್ನೂ ರಿಲೇಯನ್ನೂ ಇಟ್ಟರೆ ಈ ಅಪಾಯವಿಲ್ಲ. ಮೂಲ ತಂತಿಯನ್ನು ಕತ್ತರಿಸದೆ, ಇರುವ ಸಂಪುಟಿಗೆ ಹೊಂದುವ ಇನ್ನೊಂದು ಸಂಪುಟಿಯನ್ನು ಸಿಕ್ಕಿಸುವ ಕ್ರಮವೂ ಉಂಟು. ಬೇಡವಾದಾಗ ಕಿತ್ತರೆ ವಾಹನವು ಮೊದಲಿದ್ದಂತೆಯೇ ಇರುತ್ತದೆ. ಬಲ್ಲ ಮಿಸ್ತ್ರಿಗಳ ಸೂತ್ರವೇ ಇದು: ಬೋಲ್ಟಿನಿಂದ ಬಿಗಿದದ್ದು ಬಿಚ್ಚಲು ಬರುತ್ತದೆ, ಕತ್ತರಿಸಿದ್ದೂ ಬೆಸೆದದ್ದೂ ಬರುವುದಿಲ್ಲ.

ವಾರಂಟಿಯ ವಿಷಯದಲ್ಲಿ ಜನರಲ್ಲಿ ಎರಡು ಅತಿರೇಕದ ನಂಬಿಕೆಗಳಿವೆ. ಒಂದು ಸ್ಕ್ರೂ ತಿರುಗಿಸಿದರೂ ಎಲ್ಲವೂ ಹೋಯಿತೆಂದು ಕೆಲವರು. ಹಣ ಕೊಟ್ಟು ಕೊಂಡ ಮೇಲೆ ನನ್ನಿಷ್ಟವೆಂದು ಕೆಲವರು. ಅಮೆರಿಕದಲ್ಲಿ 1975ರಲ್ಲಿಯೇ ಇದಕ್ಕಾಗಿ ಪ್ರತ್ಯೇಕ ಕಾಯಿದೆಯಾಯಿತು. ಭಾರತದಲ್ಲಿ ಅಂಥ ಕಾಯಿದೆಯಿಲ್ಲ. ಆದರೂ 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ವಿಧಿಸಿದಾಗ ಒಂದು ಮಾತನ್ನು ಸ್ಪಷ್ಟಪಡಿಸಿತು: ಹೊರಗಿನ ಮಿಸ್ತ್ರಿಯ ಬಳಿ ಹೋದರೆಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಗೊಳಿಸಕೂಡದು, ಹೊರಗಿನ ದೋಷಯುಕ್ತ ಕೆಲಸದಿಂದ ಹಾನಿಯಾದಷ್ಟಕ್ಕೆ ಮಾತ್ರ ನಿರಾಕರಿಸಬಹುದು. ಕಂಪನಿಗಳು ಮೇಲ್ಮನವಿಯ ಹಾದಿ ಹಿಡಿದವು. ಆಜ್ಞೆಯೂ ಕಾರುಗಳಿಗೆ ಸಂಬಂಧಿಸಿದ್ದೇ ಹೊರತು ಮೋಟಾರು ಸೈಕಲುಗಳದಲ್ಲ. ಆದರೆ ಅದರೊಳಗಿನ ನ್ಯಾಯವು ಗಾಲಿಗಳ ಸಂಖ್ಯೆಯನ್ನು ನೋಡಿ ಬದಲಾಗುವಂಥದಲ್ಲ. ಸೀಟಿನ ಹೊದಿಕೆ ಬದಲಿಸಿದವನಿಗೆ ಗೇರಿನ ದೋಷವನ್ನು ಸರಿಪಡಿಸಿಕೊಡೆವೆಂದರೆ ಅವನು ಗ್ರಾಹಕರ ಆಯೋಗದ ಬಾಗಿಲನ್ನು ಧೈರ್ಯವಾಗಿ ತಟ್ಟಬಹುದು. ತಂತಿ ಕತ್ತರಿಸಿದವನು ತಂತಿ ಸುಟ್ಟಿತೆಂದು ಹೋದರೆ ಮಾತ್ರ ಅವನ ವಾದಕ್ಕೆ ಬಲ ಸಾಲದು.

ವಾರಂಟಿಗಿಂತ ಬಿಗಿಯಾದದ್ದು ಸರ್ಕಾರದ ಕಾಯಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ, ತಯಾರಕನು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದು. ಇದನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಒಡೆಯನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆಮನೆ. ಪಡ್ಡೆ ಹುಡುಗರಿಗೆ ಪ್ರಿಯವಾದ ಗರ್ಜಿಸುವ ಸೈಲೆನ್ಸರು ಮೊದಲು ಸಿಕ್ಕಿಬೀಳುವುದು ಇಲ್ಲಿಯೇ. ಹೊಸ ಮೋಟಾರು ಸೈಕಲು ಕಾರ್ಖಾನೆಯಿಂದ ಹೊರಬರುವಾಗ 80 ಸಿ.ಸಿ.ಗೆ ಮೇಲ್ಪಟ್ಟು 175 ಸಿ.ಸಿ.ಯವರೆಗೆ 77 ಡೆಸಿಬೆಲ್, ಅದಕ್ಕೂ ಮೇಲ್ಪಟ್ಟದ್ದಕ್ಕೆ 80 ಡೆಸಿಬೆಲ್ ಎಂಬ ಮಿತಿಯುಂಟು. ಅದೂ ಅಲ್ಲದೆ, 2020ರ ಏಪ್ರಿಲಿನಿಂದ ಈಚಿನ ವಾಹನಗಳ ಹೊಗೆಕೊಳವೆಯಲ್ಲಿ ಆಮ್ಲಜನಕವನ್ನು ಅಳೆಯುವ ಸೂಕ್ಷ್ಮ ಉಪಕರಣವಿರುತ್ತದೆ. ಕೊಳವೆಯನ್ನು ಬದಲಿಸಿದರೆ ಅದರ ಲೆಕ್ಕ ತಪ್ಪಿ ಎಂಜಿನಿಗೆ ಬೇಕಾದ ಪೆಟ್ರೋಲಿನ ಪ್ರಮಾಣವೇ ಏರುಪೇರಾದೀತು. 1961ರಲ್ಲಿ ಮೈಸೂರಿನ ಕಾರ್ಖಾನೆಯಿಂದ ಹೊರಬರತೊಡಗಿದ ಜಾವಾ ಮೋಟಾರು ಸೈಕಲುಗಳ ಕಾಲ ಹೀಗಿರಲಿಲ್ಲ. ಒಂದೇ ಸನ್ನೆಯನ್ನು ಮೇಲೆತ್ತಿ ತುಳಿದರೆ ಎಂಜಿನು ಹೊತ್ತಿಕೊಳ್ಳುವುದು, ಅದೇ ಸನ್ನೆಯನ್ನು ಮುಂದಕ್ಕೆ ಮಲಗಿಸಿದರೆ ಗೇರಾಗುವುದು. ಕೊಂಡವನೇ ಅರ್ಧ ಮಿಸ್ತ್ರಿ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಇಂದಿನ ವಾಹನವು ಒಡೆಯನ ಕೈಯನ್ನು ಅಷ್ಟು ಸಲಿಗೆಯಿಂದ ಒಳಬಿಟ್ಟುಕೊಳ್ಳದು.

ದೇವದುರ್ಗವು ಬೆಟ್ಟಗಳ ಮಗ್ಗುಲಲ್ಲಿರುವ ಹಳೆಯ ನಾಯಕರ ಊರು. ಉತ್ತರಕ್ಕೆ ಕೃಷ್ಣೆ ಹರಿಯುತ್ತಾಳೆ. ಅವಳ ದಡದಲ್ಲಿ, ಅಲ್ಲಮಪ್ರಭುವಿನ ನೆನಪನ್ನು ಉಳಿಸಿಕೊಂಡಿರುವ ಗೂಗಲ್ ಎಂಬ ಹಳ್ಳಿಯಿದೆ. ಲೋಕವೆಲ್ಲ ಪ್ರಶ್ನೆ ಕೇಳುವ ಕಂಪನಿ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಈ ಗೂಗಲ್ಲಿಗೆ ಜನ ತಮ್ಮ ಪ್ರಶ್ನೆಗಳನ್ನು ಹೊತ್ತು ಹೋಗುತ್ತಿದ್ದರೆಂಬುದನ್ನು ಊರವರು ನಗುತ್ತ ಹೇಳುತ್ತಾರೆ. ದೇವದುರ್ಗದಿಂದ ಸಿರವಾರದ ಕಡೆಗೆ ಹೊರಟರೆ ನೆಲದ ಬಣ್ಣವೂ ಬೆಳೆಯ ಬಣ್ಣವೂ ಬದಲಾಗುತ್ತ ಬರುತ್ತವೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಜೋಳದ ಸೀಮೆ ಭತ್ತದ ಸೀಮೆಯಾಯಿತು. ಎರೆಮಣ್ಣು ಮಾತ್ರ ಬದಲಾಗಲಿಲ್ಲ. ಮಳೆ ಬಿದ್ದ ದಿನ ಹೊಲದ ದಾರಿಗೆ ಇಳಿದರೆ ಆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಹೊಕ್ಕು, ಹಿಟ್ಟಿನಂತೆ ನಾದಿಕೊಂಡು, ಹತ್ತು ಮಾರಿಗೆ ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ಅದಕ್ಕಾಗಿ ಇಲ್ಲಿಯ ಸವಾರರು ಒಂದು ಕಟ್ಟಿಗೆಯ ಚಕ್ಕೆಯನ್ನು ಸದಾ ವಾಹನದಲ್ಲಿ ಸಿಕ್ಕಿಸಿಕೊಂಡಿರುತ್ತಾರೆ. ಭತ್ತದ ಹೊಟ್ಟಿನ ಧೂಳು ಗಾಳಿಯ ಜಾಲರಿಯನ್ನು ಕಟ್ಟಿಬಿಡುವುದರಿಂದ ಹೊತ್ತಗೆಯಲ್ಲಿ ಹೇಳಿದ್ದಕ್ಕಿಂತ ಬೇಗ ಅದನ್ನು ಶುಚಿಮಾಡಿಸಬೇಕು. ಹೊತ್ತಗೆ ಬರೆದವರು ಮಾನ್ವಿಯ ಸುಗ್ಗಿಯನ್ನು ಕಂಡವರಲ್ಲವಷ್ಟೆ.

ಮಾನ್ವಿಯಲ್ಲಿ ಮೇಷ್ಟರಿಗೆ ವಯಸ್ಸಾದ ಮಿಸ್ತ್ರಿಯೊಬ್ಬರ ಪರಿಚಯವಾಯಿತು. ಬೇವಿನ ಮರದ ನೆರಳೇ ಅವರ ಅಂಗಡಿ. ಮೇಷ್ಟರು ತಮ್ಮ ಕಥೆಯನ್ನೆಲ್ಲ ಹೇಳಿ, ತಂತಿ ಕತ್ತರಿಸದೆ ದೀಪ ಹಾಕಿಕೊಡಲು ಸಾಧ್ಯವೇ ಎಂದು ಕೇಳಿದರು. ಮುದುಕನು ಉತ್ತರ ಕೊಡಲಿಲ್ಲ. ವಾಹನದ ಹಿಂದಿನ ಸೀಟಿನ ಮೇಲೆ ಹುಡುಗನೊಬ್ಬನನ್ನು ಕುಳ್ಳಿರಿಸಿ, ಅವನ ತೊಡೆಯ ಮೇಲೆ ಅಕ್ಕಿಯ ಚೀಲವನ್ನು ಇಟ್ಟು, ದೀಪದ ಬೆಳಕು ಎದುರುಗೋಡೆಯ ಮೇಲೆ ಎಲ್ಲಿ ಬೀಳುವುದೆಂದು ನೋಡಿದನು. ಹುಡುಗನನ್ನು ಇಳಿಸಿ ಮತ್ತೆ ನೋಡಿದನು.

“ಬೆಳಕು ಕಡಿಮಿ ಇಲ್ರಿ ಮಾಸ್ತರ, ಬೆಳಕು ಗಿಡಕ್ಕ ಹೊಂಟದ. ಹಿಂದ ಭಾರ ಬಿದ್ರ ಮೂತಿ ಮ್ಯಾಲಕ್ಕೆ ಏಳ್ತದ. ಇನ್ನೆರಡು ದೀಪ ಹಾಕಿದ್ರೂ ಅವೂ ಗಿಡಾನ ನೋಡ್ತಾವ.”

ಹಾಗೆಂದವನು ಸೀಟಿನ ಕೆಳಗಿನ ಉಪಕರಣಗಳ ಚೀಲದಿಂದ ಕೊಕ್ಕೆಯಂಥ ಸ್ಪ್ಯಾನರೊಂದನ್ನು ತೆಗೆದು ಹಿಂದಿನ ಎರಡು ಸ್ಪ್ರಿಂಗುಗಳ ಬುಡದ ಬಳೆಯನ್ನು ಎರಡು ಮೆಟ್ಟಿಲು ತಿರುಗಿಸಿದನು. ಸ್ಪ್ರಿಂಗು ಬಿಗಿಯಾಯಿತು. ಅನಂತರ ದೀಪದ ಕೆಳಗಿನ ತಿರುಪನ್ನು ಅರ್ಧ ಸುತ್ತು ಸಡಿಲಿಸಿ, ದೀಪವನ್ನು ತುಸು ಕೆಳಗೆ ಬಾಗಿಸಿ ಮತ್ತೆ ಬಿಗಿದನು. ಹುಡುಗನನ್ನೂ ಚೀಲವನ್ನೂ ಪುನಃ ಏರಿಸಿ ನೋಡಿದಾಗ ಬೆಳಕು ಗೋಡೆಯ ಬುಡಕ್ಕೆ ಇಳಿದಿತ್ತು. ಎರಡೂ ಕೆಲಸಗಳು ವಾಹನದ ಹೊತ್ತಗೆಯಲ್ಲಿಯೇ ಇವೆ; ಅವು ಮಾರ್ಪಾಡುಗಳಲ್ಲ, ಒಡೆಯನೇ ಮಾಡಿಕೊಳ್ಳಬೇಕಾದ ಹೊಂದಾಣಿಕೆಗಳು. ಮೇಷ್ಟರು ಹೆದರಿಸುವ ಪುಟಗಳನ್ನು ಓದಿ ಆ ಪುಟಗಳನ್ನು ಬಿಟ್ಟಿದ್ದರು. ಮುದುಕನು ಹಣ ತೆಗೆದುಕೊಳ್ಳಲಿಲ್ಲ, ಚಹಾ ಕುಡಿದನು. ಗಾಳಿ ಒಂದಿಷ್ಟು ಕಡಿಮೆಯಿದೆಯೆಂದು ಹಿಂದಿನ ಗಾಲಿಗೆ ತುಂಬಿಸಿದನು. “ಅವ್ವಾರ್ ಕಾಲಿಡೋ ಪಟ್ಟಿ ಗಟ್ಟಿ ಅದನೇನ್ರಿ?” ಎಂದು ತಾನೇ ಬಗ್ಗಿ ಅಲುಗಾಡಿಸಿ ನೋಡಿದನು. ಹಿಂಬದಿ ಸವಾರನಿಗೆ ಹಿಡಿಕೆ, ಕಾಲಿಡಲು ಆಸರೆ, ಬಟ್ಟೆ ಸಿಕ್ಕದಂತೆ ಹಿಂಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ಜಾಲರಿ, ಇವು ಮೂರೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮದಂತೆ ಇರಲೇಬೇಕಾದವು. ವಾಹನದ ಅಂದ ಕೆಡುತ್ತದೆಂದು ಆ ಜಾಲರಿಯನ್ನು ಕಿತ್ತು ಅಟ್ಟಕ್ಕೆ ಎಸೆಯುವ ತರುಣರು ತಾಯಿಯ ಸೀರೆಯ ಸೆರಗನ್ನು ಒಮ್ಮೆ ನೆನೆಯುವುದು ಲೇಸು.

ಅಂದು ಸಂಜೆ ಮೇಷ್ಟರು ಮಾನ್ವಿಯಲ್ಲಿ ಜಗನ್ನಾಥದಾಸರ ಸನ್ನಿಧಿಗೆ ಹೋದರು. ಈ ತ್ರಿಕೋನವು ದಾಸರ ನೆಲವೂ ಹೌದು: ವಿಜಯದಾಸರು ತುಂಗಭದ್ರೆಯ ದಡದ ಚೀಕಲಪರವಿಯವರು, ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು, ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದವರು. ತಂಬೂರಿ, ಗೆಜ್ಜೆಗಳೊಡನೆ ಅವರು ನಡೆದ ದಾರಿಗಳೇ ಇಂದು ಡಾಂಬರು ಕಂಡಿವೆ. ಜಗನ್ನಾಥದಾಸರು ರೋಗದಿಂದ ಕುಗ್ಗಿದಾಗ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಅವರಿಗೆ ದಾನವಾಗಿ ಇತ್ತರೆಂಬ ಐತಿಹ್ಯವಿದೆ. ಹಣ ಕಟ್ಟದೆ ಅವಧಿ ಬೆಳೆದದ್ದು ಅದೊಂದೇ ಇರಬೇಕೆಂದು, ಮಳಿಗೆಯ ಮಾರಾಟಗಾರನನ್ನು ನೆನೆದು, ಮೇಷ್ಟರಿಗೆ ಸನ್ನಿಧಿಯಲ್ಲಿಯೇ ನಗು ಬಂದಿತು.

ಮರುತಿಂಗಳು ತಾಯಿಯನ್ನು ಒಪ್ಪಿಸುವುದಕ್ಕೆ ಎರಡು ದಿನ ಹಿಡಿಯಿತು. ಹೆಲ್ಮೆಟ್ಟಿನ ವಿಷಯಕ್ಕೆ ಇನ್ನೊಂದು ದಿನ. ಸೆರಗಿನ ಮೇಲೆ ಇಡಬೇಕೋ ಕೆಳಗೆ ಇಡಬೇಕೋ ಎಂಬ ಚರ್ಚೆ ನೆರೆಮನೆಯವರೆಗೂ ಹಬ್ಬಿತು. ಕೊನೆಗೆ ಸೆರಗು ಕೊರಳಿಗೆ ಸುತ್ತಿಕೊಂಡಿತು, ಹೆಲ್ಮೆಟ್ಟು ತಲೆಗೆ ಬಂದಿತು. ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ, ತಾಯಿ ಔಷಧದ ಸರದಿಯಲ್ಲಿ ಕುಳಿತಿರುವಾಗ, ಮಗನು ಮೊದಲ ಉಚಿತ ಸರ್ವೀಸಿಗೆ ಹೋದನು. ಅಲ್ಲಿಯ ಯುವಕನು ಎಣ್ಣೆ ಬದಲಿಸಿ, ಸರಪಳಿ ಬಿಗಿದು, ದೀಪದ ಹಿಂದಿನ ಗವುಸನ್ನು ತೆಗೆದು ತಂತಿಗಳ ಗೊಂಚಲಿನ ಮೇಲೆ ಬೆರಳಾಡಿಸಿದನು. ಎಲ್ಲಿಯೂ ಕತ್ತರಿಯ ಗುರುತಿಲ್ಲ. “ಹೆಚ್ಚಿನ ದೀಪ ಏನೂ ಹಾಕಿಸಿಲ್ಲೇನ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊತ್ತಗೆಗೆ ಮುದ್ರೆ ಒತ್ತಿದನು.

ಅವರು ಹೊರಟಾಗ ಕೋಟೆಯ ಗೋಡೆಯ ಮೇಲೆ ಕಡೆಯ ಬಿಸಿಲಿತ್ತು. ಕಲ್ಮಲಾ ಕಳೆಯುವಷ್ಟರಲ್ಲಿ ಕತ್ತಲಾಯಿತು. ಗಬ್ಬೂರಿನ ಈಚೆಗೆ ರಸ್ತೆಯ ಮೇಲೆ ತೊಗರಿ ಹರವಿದ್ದರು. ಅದರ ಆಚೆಗೆ ಎರಡು ಎಮ್ಮೆಗಳು ನಿಂತಿದ್ದವು. ಮಗನಿಗಿಂತ ಮೊದಲು ತಾಯಿಯೇ ಕಂಡು, “ಅಗೋ, ಎಮ್ಮಿ” ಎಂದಳು. ಅವನು ಗತಿಯನ್ನು ಇಳಿಸಿ, ಹಾರನ್ನು ಒತ್ತದೆ, ಎಮ್ಮೆಗಳು ದಾಟುವವರೆಗೂ ನಿಂತನು. ಆಮೇಲೆ ದೇವದುರ್ಗದವರೆಗೆ ಆಕೆ ನೆರೆಮನೆಯವಳ ಮಗಳ ಮದುವೆಯ ಸುದ್ದಿಯನ್ನು ಹೇಳುತ್ತಲೇ ಇದ್ದಳು.